ಯುದ್ಧ ಗೆಲ್ಲಿಸಿದ ಚರ್ಚಿಲ್ 1945ರಲ್ಲಿ ಸೋತಿದ್ದೇಕೆ? ಜನಕ್ಕೆ ಉಪಕಾರ ಸ್ಮರಣೆ ಇರಲಿಲ್ಲವಾ?

ಗೌರಿಬಿದನೂರು ತಾಲ್ಲೂಕಿನ ಹೈಸ್ಕೂಲ್ ಒಂದರ ಸಮಾಜ ವಿಜ್ಞಾನ ಶಿಕ್ಷಕಿ ಹೀಗೆ ಬರೆದಿದ್ದಾರೆ:

"ಸರ್, ಹತ್ತನೇ ತರಗತಿ ಮಕ್ಕಳಿಗೆ 'ಯುದ್ಧ ಗೆದ್ದ ನಾಯಕ ಚುನಾವಣೆ ಗೆಲ್ಲುತ್ತಾನೆ' ಅನ್ನುವ ವಿಷಯದ ಮೇಲೆ ಚರ್ಚಾ ಸ್ಪರ್ಧೆ ಇಟ್ಟಿದ್ದೇನೆ. ತಯಾರಿ ಮಾಡುವಾಗಲೇ ಗಲಾಟೆ ಶುರುವಾಯಿತು. ಒಬ್ಬಳು ಚರ್ಚಿಲ್ ಸೋತರಲ್ಲ ಅಂದಳು. ಇನ್ನೊಬ್ಬ, ಬಾಂಗ್ಲಾ ಯುದ್ಧ ಗೆದ್ದು ಇಂದಿರಾ ಗಾಂಧಿ 352 ಸೀಟು ತಗೊಂಡರಲ್ಲ ಅಂದ. ನನ್ನ ಹತ್ತಿರ ಇರುವ ಗೈಡ್‌ನಲ್ಲಿ ಚರ್ಚಿಲ್ ಸೋಲಿಗೆ ಸೈನಿಕರ ಮತವೇ ಕಾರಣ ಅಂತ ಒಂದು ಸಾಲು ಇದೆ. ಭಾರತಕ್ಕೆ ಸ್ವಾತಂತ್ರ್ಯ ಕೊಡಬೇಕು ಅಂತಲೇ ಅಲ್ಲಿಯ ಜನ ಲೇಬರ್ ಪಕ್ಷಕ್ಕೆ ಓಟು ಹಾಕಿದರು ಅಂತ ನಮ್ಮ ಹಿರಿಯ ಸಹೋದ್ಯೋಗಿ ಹೇಳುತ್ತಾರೆ. ಯಾವುದು ಸರಿ? ಇದಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಇನ್ನೊಂದು ಮಾತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಜನಕ್ಕೆ ಎಷ್ಟು ಮಾಡಿದರೂ ಅಷ್ಟೇ ಮೇಡಂ, ನೆನಪಿಟ್ಟುಕೊಳ್ಳಲ್ಲ' ಅಂದ. ಅವರಪ್ಪ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದವರು, ಹೋದ ಸಲ ಸೋತರು. ಅವನಿಗೆ ಏನು ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ."

ಮೇಡಂ, ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಚರ್ಚಿಲ್ ಯಾಕೆ ಸೋತರು ಅನ್ನುವುದು ಒಂದು. ಕೆಲಸ ಮಾಡಿದವನನ್ನು ಜನ ಕೈಬಿಡುತ್ತಾರಾ ಅನ್ನುವುದು ಇನ್ನೊಂದು. ತುಮಕೂರಿನ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದ ಅಷ್ಟೂ ವರ್ಷ ಈ ಎರಡನೆಯ ಪ್ರಶ್ನೆಯನ್ನು ನಾನು ಪ್ರತಿ ಚುನಾವಣೆ ಆದ ಮೇಲೂ ಜನರ ಬಾಯಲ್ಲಿ ಕೇಳಿದ್ದೇನೆ. ಪಾವಗಡದಲ್ಲಿ, ಶಿರಾದಲ್ಲಿ, ಎಲ್ಲಿ ಯಾರು ಸೋತರೂ ಮೊದಲು ಬರುವ ಮಾತು ಇದೇ. ಆದ್ದರಿಂದ ಆ ಹುಡುಗನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅವನ ಮನೆಯಲ್ಲಿ ನೋವಾಗಿದೆ. ಆದರೆ 1945ರ ಚುನಾವಣೆ ಅವನ ಮಾತಿಗೆ ಸಾಕ್ಷಿ ಹೇಳುವುದಿಲ್ಲ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲು ನಡೆದದ್ದು ಏನು ನೋಡಿ. ಯೂರೋಪಿನ ಯುದ್ಧ ಮುಗಿದದ್ದು 1945ರ ಮೇ 8ಕ್ಕೆ. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಇದ್ದದ್ದು ಸಮ್ಮಿಶ್ರ ಸರ್ಕಾರ. ಚರ್ಚಿಲ್ ಪ್ರಧಾನಿ, ಲೇಬರ್ ಪಕ್ಷದ ಕ್ಲೆಮೆಂಟ್ ಆಟ್ಲಿ ಉಪಪ್ರಧಾನಿ. ಮೇ ತಿಂಗಳ ಕೊನೆಗೆ ಈ ಸಮ್ಮಿಶ್ರ ಮುರಿಯಿತು, ಜುಲೈ 5ಕ್ಕೆ ಮತದಾನ ಆಯಿತು. ಎಣಿಕೆ ಮಾತ್ರ ಜುಲೈ 26ಕ್ಕೆ, ಯಾಕೆಂದರೆ ಬೇರೆ ಬೇರೆ ದೇಶಗಳಲ್ಲಿ ಇದ್ದ ಸೈನಿಕರ ಮತಗಳು ಬರಬೇಕಿತ್ತು. 640 ಸ್ಥಾನಗಳಲ್ಲಿ ಲೇಬರ್‌ಗೆ 393. ಚರ್ಚಿಲ್ ಅವರ ಕನ್ಸರ್ವೇಟಿವ್ ಪಕ್ಷ ಮತ್ತು ಅದರ ಜೊತೆಗಾರರಿಗೆ 213. ಇದರ ಹಿಂದಿನ ಚುನಾವಣೆ ನಡೆದದ್ದು 1935ರಲ್ಲಿ, ಆಗ ಲೇಬರ್ ಗೆದ್ದಿದ್ದು ಬರೀ 154. ಯುದ್ಧದ ಕಾರಣಕ್ಕೆ ಸಂಸತ್ತಿನ ಅವಧಿಯನ್ನು ವರ್ಷವರ್ಷವೂ ಮುಂದೂಡಿ, ಹತ್ತು ವರ್ಷ ಚುನಾವಣೆಯೇ ಇರಲಿಲ್ಲ. ಈ ಹತ್ತು ವರ್ಷ ಮುಖ್ಯ. ಹತ್ತು ವರ್ಷದ ಸಿಟ್ಟು, ಆಸೆ, ಅನುಭವ ಎಲ್ಲವೂ ಒಂದೇ ದಿನ ಪೆಟ್ಟಿಗೆಗೆ ಬಿತ್ತು.

ಆಗ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ರಷ್ಯಾದ ಸ್ಟಾಲಿನ್, ಅಮೆರಿಕದ ಟ್ರೂಮನ್ ಜೊತೆ ಮಾತುಕತೆ ನಡೆಯುತ್ತಿತ್ತು. ಚರ್ಚಿಲ್ ಫಲಿತಾಂಶಕ್ಕೆ ಅಂತ ಲಂಡನ್ನಿಗೆ ಬಂದರು. ವಾಪಸ್ ಆ ಕುರ್ಚಿಯಲ್ಲಿ ಹೋಗಿ ಕೂತವರು ಆಟ್ಲಿ.

ಈಗ ನಿಮ್ಮ ಗೈಡ್‌ನ ಸಾಲು. ಸೈನಿಕರ ಮತದಿಂದಲೇ ಚರ್ಚಿಲ್ ಸೋತರು ಅನ್ನುವುದು ತುಂಬ ಹಳೆಯ ಕಥೆ. ಚುನಾವಣಾ ಕರ್ತವ್ಯದಲ್ಲಿ ಪ್ರಿಸೈಡಿಂಗ್ ಆಫೀಸರ್ ಆಗಿ ಹೋದವರಿಗೆ ಗೊತ್ತಿರುತ್ತದೆ, ಎಣಿಕೆ ತಡವಾದರೆ ಸಾಕು, ತಡವಾಗಿ ಬಂದ ಮತಗಳ ಮೇಲೆಯೇ ಎಲ್ಲರ ಅನುಮಾನ. ಅಲ್ಲೂ ಹಾಗೇ ಆಯಿತು. ಲೆಕ್ಕ ಹಾಕಿ ನೋಡೋಣ, ನಿಮ್ಮ ಮಕ್ಕಳೇ ಬೋರ್ಡಿನ ಮೇಲೆ ಹಾಕಬಹುದಾದ ಲೆಕ್ಕ. ಲೇಬರ್‌ಗೆ ಬಂದದ್ದು ಸುಮಾರು 1 ಕೋಟಿ 20 ಲಕ್ಷ ಮತ. ಕನ್ಸರ್ವೇಟಿವ್ ಬಣಕ್ಕೆ ಸುಮಾರು 1 ಕೋಟಿ. ಸೈನ್ಯದವರು ಹಾಕಿದ ಒಟ್ಟು ಮತ ಸುಮಾರು 17 ಲಕ್ಷ. ಅಷ್ಟಕ್ಕೆ ಅಷ್ಟೂ ಲೇಬರ್‌ಗೇ ಬಿತ್ತು ಅಂತ ಇಟ್ಟುಕೊಂಡು, ಅದನ್ನು ಪೂರ್ತಿ ಕಳೆದುಬಿಡಿ. ಆಗಲೂ ಲೇಬರ್ ಮುಂದೆ ಇರುತ್ತದೆ. ಸೈನಿಕರು ಲೇಬರ್ ಕಡೆ ವಾಲಿದ್ದು ನಿಜ, ಆದರೆ ಅವರಿಂದಲೇ ಸರ್ಕಾರ ಬದಲಾಯಿತು ಅನ್ನುವುದು ನಿಲ್ಲುವುದಿಲ್ಲ. ಅವರ ಅಪ್ಪ ಅಮ್ಮ, ಹೆಂಡತಿ, ಕಾರ್ಖಾನೆಯಲ್ಲಿ ಗುಂಡು ತಯಾರಿಸಿದ ತಂಗಿ ಕೂಡ ಹಾಗೇ ಓಟು ಹಾಕಿದ್ದರು. ಅಲ್ಲದೆ 1943ರಿಂದಲೇ ಅಲ್ಲಿಯ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಲೇಬರ್ ಮುಂದಿತ್ತು. ಆಗ ಆ ಸಮೀಕ್ಷೆಗಳನ್ನು ಯಾರೂ ಗಂಭೀರವಾಗಿ ತಗೊಳ್ಳಲಿಲ್ಲ ಅಷ್ಟೇ.

ನಿಮ್ಮ ಹಿರಿಯ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಭಾರತಕ್ಕಾಗಿ ಲೇಬರ್‌ಗೆ ಓಟು ಬಿತ್ತು ಅನ್ನುವುದು ಕೇಳೋಕೆ ಚೆನ್ನಾಗಿದೆ, ಆದರೆ ಹಾಗೆ ಆಗಲಿಲ್ಲ. ಆ ಚುನಾವಣೆಯಲ್ಲಿ ಜನರ ತಲೆಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಮನೆ. ಜರ್ಮನಿಯ ಬಾಂಬಿಗೆ ಊರೂರೇ ಬಿದ್ದಿತ್ತು, ಯುದ್ಧದ ಆರು ವರ್ಷ ಹೊಸ ಮನೆ ಕಟ್ಟುವ ಕೆಲಸ ಹೆಚ್ಚುಕಡಿಮೆ ನಿಂತಿತ್ತು, ಮದುವೆಯಾದವರು ಅತ್ತೆ ಮಾವನ ಮನೆಯ ಒಂದು ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದರು. ಅವರಿಗೆ ದೆಹಲಿ ದೂರ. ಭಾರತ ವ್ಯವಹಾರಗಳ ಮಂತ್ರಿಯಾಗಿದ್ದ ಲಿಯೋ ಆಮೆರಿ ಬರ್ಮಿಂಗ್‌ಹ್ಯಾಮ್‌ನ ತಮ್ಮ ಕ್ಷೇತ್ರದಲ್ಲಿ ಸೋತಿದ್ದು ನಿಜ. ಅದನ್ನು ತೋರಿಸಿ ವಾದ ಮಾಡುವವರಿದ್ದಾರೆ. ಆದರೆ ಆ ಊರಿನ ಸುತ್ತ ಇದ್ದ ಕನ್ಸರ್ವೇಟಿವ್‌ಗಳೂ ಸಾಲಾಗಿ ಸೋತರು, ಅವರಿಗೂ ಭಾರತಕ್ಕೂ ಏನೂ ಸಂಬಂಧ ಇರಲಿಲ್ಲ.

ಆದರೂ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಜನ ಭಾರತಕ್ಕಾಗಿ ಓಟು ಹಾಕಲಿಲ್ಲ, ಆದರೆ ಆ ಓಟಿನಿಂದ ಭಾರತಕ್ಕೆ ದೊಡ್ಡ ವ್ಯತ್ಯಾಸ ಆಯಿತು. ಚರ್ಚಿಲ್ ಭಾರತದ ಸ್ವರಾಜ್ಯಕ್ಕೆ ಜೀವಮಾನವಿಡೀ ವಿರೋಧವಾಗಿದ್ದವರು. ಆಟ್ಲಿ ಸೈಮನ್ ಆಯೋಗದ ಸದಸ್ಯರಾಗಿ 1928ರಲ್ಲೇ ಇಲ್ಲಿಗೆ ಬಂದು ಹೋಗಿದ್ದವರು, ಇಲ್ಲಿನ ಸಮಸ್ಯೆ ಅವರಿಗೆ ಹೊಸದಲ್ಲ. 1946ರ ಮಾರ್ಚ್‌ನಲ್ಲಿ ಅಧಿಕಾರ ಹಸ್ತಾಂತರದ ಮಾತುಕತೆಗೆ ಬ್ರಿಟಿಷ್ ಮಂತ್ರಿಗಳ ತಂಡ, ಕ್ಯಾಬಿನೆಟ್ ಮಿಷನ್, ಬಂತು. 1947ರ ಫೆಬ್ರವರಿ 20ಕ್ಕೆ, 1948ರ ಜೂನ್ ಒಳಗೆ ಹೊರಡುತ್ತೇವೆ ಅಂತ ಆಟ್ಲಿ ಸಂಸತ್ತಿನಲ್ಲಿ ಹೇಳಿದರು. ಆಮೇಲೆ ಅದು ಇನ್ನೂ ಮುಂಚೆ ಬಂತು. ಇದರ ಹಿಂದೆ ಬರೀ ಆಟ್ಲಿಯ ಒಳ್ಳೆಯತನ ಇರಲಿಲ್ಲ. ಇಲ್ಲಿ ಸುಭಾಷ್ ಬೋಸ್ ಅವರ ಐಎನ್‌ಎ ಸೈನಿಕರ ವಿಚಾರಣೆ, ಮುಂಬೈ ನೌಕಾಪಡೆಯ ದಂಗೆ, ಎಲ್ಲ ಕಡೆ ಜನರ ಒತ್ತಡ. ಅಲ್ಲಿ ಖಜಾನೆ ಖಾಲಿ. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನೇ ಭಾರತಕ್ಕೆ ಸುಮಾರು 130 ಕೋಟಿ ಪೌಂಡ್ ಸಾಲಗಾರ ಆಗಿತ್ತು. ಇಷ್ಟೆಲ್ಲ ಇದ್ದಾಗ ಚರ್ಚಿಲ್ ಪ್ರಧಾನಿಯಾಗಿ ಉಳಿದಿದ್ದರೂ ಸ್ವಾತಂತ್ರ್ಯ ತಪ್ಪುತ್ತಿರಲಿಲ್ಲ, ತಡ ಆಗುತ್ತಿತ್ತು, ರಕ್ತ ಇನ್ನೂ ಜಾಸ್ತಿ ಹರಿಯಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ತಾಲ್ಲೂಕಿನ ಮಕ್ಕಳಿಗೆ ಇದನ್ನು ಹತ್ತಿರ ತರಬಹುದು. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ಕ್ಕೆ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿದ್ದು ಮೈಸೂರು ಸಂಸ್ಥಾನದ ಪೊಲೀಸರಿಂದ. ಅಂದರೆ ನಮ್ಮ ಕಡೆ ಜನ ಎರಡು ಅಧಿಕಾರಗಳ ಕೆಳಗಿದ್ದರು, ಅರಮನೆ ಮತ್ತು ಅದರ ಮೇಲೆ ಲಂಡನ್. ಲಂಡನ್ ಕೈಬಿಟ್ಟ ಮೇಲೂ ಇಲ್ಲಿ, ಅರಮನೆ ಜನರಿಗೆ ಅಧಿಕಾರ ಕೊಡಲಿ ಅಂತ, ಮೈಸೂರು ಚಲೋ ಚಳವಳಿ ಮಾಡಬೇಕಾಯಿತು. 1947ರ ಅಕ್ಟೋಬರ್‌ನಲ್ಲಿ ಜವಾಬ್ದಾರಿ ಸರ್ಕಾರ ಬಂದಾಗ ಅದರ ಮುಖ್ಯಸ್ಥರಾದವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ಮಕ್ಕಳು ಆ ಹೆಸರು ಕೇಳಿರುತ್ತಾರೆ.

ಮೂರನೆಯ ಕಥೆ ನೀವು ಕೇಳಿಲ್ಲ, ಆದರೆ ಯಾರಾದರೂ ಚರ್ಚೆಯಲ್ಲಿ ಎತ್ತೇ ಎತ್ತುತ್ತಾರೆ. ಜೂನ್ 4ರ ರೇಡಿಯೋ ಭಾಷಣದಲ್ಲಿ ಚರ್ಚಿಲ್, ಸಮಾಜವಾದಿ ಸರ್ಕಾರ ಬಂದರೆ ಅದಕ್ಕೆ ಒಂದಲ್ಲ ಒಂದು ಬಗೆಯ ಗೆಸ್ಟಾಪೋ ಬೇಕಾಗುತ್ತದೆ ಅನ್ನುವ ಅರ್ಥದ ಮಾತಾಡಿದರು. ಗೆಸ್ಟಾಪೋ ಅಂದರೆ ಹಿಟ್ಲರನ ಗುಪ್ತ ಪೊಲೀಸ್. ಹಿಂದಿನ ತಿಂಗಳವರೆಗೆ ಪಕ್ಕದಲ್ಲಿ ಕೂತು ಸರ್ಕಾರ ನಡೆಸಿದ ಆಟ್ಲಿಯ ಪಕ್ಷದ ಬಗ್ಗೆ ಈ ಮಾತು. ಮಾರನೇ ದಿನ ಆಟ್ಲಿ ತಣ್ಣಗೆ ಉತ್ತರ ಕೊಟ್ಟರು. ಯುದ್ಧಕಾಲದ ದೊಡ್ಡ ನಾಯಕ ಚರ್ಚಿಲ್ ಬೇರೆ, ಕನ್ಸರ್ವೇಟಿವ್ ಪಕ್ಷದ ಚರ್ಚಿಲ್ ಬೇರೆ ಅಂತ ಜನರಿಗೆ ತೋರಿಸಿಕೊಟ್ಟಿದ್ದಕ್ಕೆ ಧನ್ಯವಾದ ಅನ್ನುವ ಧಾಟಿಯಲ್ಲಿ. ಆ ಭಾಷಣ ಚರ್ಚಿಲ್‌ಗೆ ಕೆಟ್ಟದ್ದೇ ಮಾಡಿತು. ಆದರೆ ಎರಡು ವರ್ಷದಿಂದ ಮುಂದಿದ್ದ ಪಕ್ಷ ಒಂದು ಭಾಷಣದಿಂದ ಗೆದ್ದಿತು ಅನ್ನುವುದು ಸರಿ ಹೊಂದಲ್ಲ.

ಹಾಗಾದರೆ ಕಾರಣ ಏನು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇದೇ ಮುಖ್ಯ. 1945ರ ಓಟನ್ನು ಅರ್ಥ ಮಾಡಿಕೊಳ್ಳಬೇಕಾದರೆ 1918ಕ್ಕೆ ಹೋಗಬೇಕು.

ಮೊದಲ ಮಹಾಯುದ್ಧ ನಿಂತದ್ದು 1918ರ ನವೆಂಬರ್ 11ಕ್ಕೆ. ಡಿಸೆಂಬರ್ 14ಕ್ಕೇ ಚುನಾವಣೆ! ಯುದ್ಧ ಗೆಲ್ಲಿಸಿದ ಪ್ರಧಾನಿ ಲಿಬರಲ್ ಪಕ್ಷದ ಲಾಯ್ಡ್ ಜಾರ್ಜ್, ಕನ್ಸರ್ವೇಟಿವ್‌ಗಳ ಜೊತೆ ಸಮ್ಮಿಶ್ರ ಸರ್ಕಾರ ನಡೆಸುತ್ತಿದ್ದವರು. ಇವರು ನಮ್ಮ ಅಭ್ಯರ್ಥಿ ಅಂತ ತಮ್ಮ ಮತ್ತು ಕನ್ಸರ್ವೇಟಿವ್ ನಾಯಕರ ಸಹಿ ಇದ್ದ ಪತ್ರ ಕೊಟ್ಟು ಅಭ್ಯರ್ಥಿಗಳನ್ನು ನಿಲ್ಲಿಸಿದರು. 707 ಸ್ಥಾನಗಳ ಸದನದಲ್ಲಿ ಆ ಪತ್ರ ಹಿಡಿದವರೇ 470ಕ್ಕೂ ಹೆಚ್ಚು ಮಂದಿ ಗೆದ್ದರು. 30 ವರ್ಷ ದಾಟಿದ ಹೆಂಗಸರು ಮೊದಲ ಸಲ ಓಟು ಹಾಕಿದ್ದೂ ಅದೇ ಚುನಾವಣೆಯಲ್ಲಿ. ಅಂದರೆ ಆ ಸಲ ಯುದ್ಧ ಗೆದ್ದ ನಾಯಕನಿಗೆ ಜನ ಧಾರಾಳವಾಗಿ ಕೊಟ್ಟರು. ಅವರು ಕೊಟ್ಟ ಭರವಸೆ, ವೀರರು ಬದುಕಲು ತಕ್ಕಂಥ ನಾಡು ಕಟ್ಟುತ್ತೇವೆ, ಅವರಿಗೆ ಮನೆ ಕಟ್ಟುತ್ತೇವೆ.

ಆಮೇಲೆ ಏನಾಯಿತು? 5 ಲಕ್ಷ ಮನೆಯ ಗುರಿ ಇಟ್ಟರು. 1921ರಲ್ಲಿ ದುಡ್ಡು ನಿಲ್ಲಿಸಿದರು, ಅರ್ಧದಷ್ಟೂ ಮನೆ ಏಳಲಿಲ್ಲ. ಅದೇ ವರ್ಷ ನಿರುದ್ಯೋಗ ಏರಿತು. ಮುಂದಿನ ಯುದ್ಧ ಶುರುವಾಗುವವರೆಗೆ ಅದು 10 ಲಕ್ಷಕ್ಕಿಂತ ಕೆಳಗೆ ಬರಲೇ ಇಲ್ಲ, 1930ರ ದಶಕದ ಮೊದಲಲ್ಲಿ 30 ಲಕ್ಷದ ಹತ್ತಿರ ಹೋಗಿತ್ತು. ಕೆಲಸ ಕಳೆದುಕೊಂಡವನಿಗೆ ಭತ್ಯೆ ಕೊಡುವ ಮೊದಲು ಅಧಿಕಾರಿಗಳು ಮನೆಗೆ ಬರುತ್ತಿದ್ದರು. ಮನೆಯಲ್ಲಿ ಏನೇನು ಸಾಮಾನು ಇದೆ, ಮಗಳು ಎಷ್ಟು ದುಡಿಯುತ್ತಾಳೆ, ಉಳಿತಾಯ ಎಷ್ಟು ಅಂತ ಕೆದಕಿ, ಮಗಳು ದುಡಿದರೆ ಅಪ್ಪನ ಭತ್ಯೆ ಕತ್ತರಿಸುತ್ತಿದ್ದರು. ಆ ಅವಮಾನವನ್ನು ಅಲ್ಲಿಯ ದುಡಿಯುವ ಮನೆಗಳು ಮರೆಯಲೇ ಇಲ್ಲ. ಉತ್ತರದಲ್ಲಿ ಜ್ಯಾರೋ ಅಂತ ಒಂದು ಊರು. ಅಲ್ಲಿಯ ಹಡಗು ಕಟ್ಟುವ ಕಾರ್ಖಾನೆ ಮುಚ್ಚಿ ಊರೇ ಬೀದಿಗೆ ಬಿತ್ತು. 1936ರ ಅಕ್ಟೋಬರ್‌ನಲ್ಲಿ ಸುಮಾರು 200 ಗಂಡಸರು ಅರ್ಜಿ ಹಿಡಿದು ಲಂಡನ್ನಿಗೆ ನಡೆದುಕೊಂಡೇ ಹೋದರು, ಸುಮಾರು 450 ಕಿಲೋಮೀಟರ್. ಅವರ ಸಂಸತ್ ಸದಸ್ಯೆ ಎಲೆನ್ ವಿಲ್ಕಿನ್ಸನ್ ಕೂಡ ಆ ಜಾಥಾದಲ್ಲಿ ಹೆಜ್ಜೆ ಹಾಕಿದರು. ಅರ್ಜಿ ತಗೊಂಡರು, ಕೆಲಸ ಸಿಗಲಿಲ್ಲ. 1945ರಲ್ಲಿ ಆಟ್ಲಿ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯಾದವರು ಇದೇ ವಿಲ್ಕಿನ್ಸನ್.

ಈ ವರ್ಷಗಳಲ್ಲಿ ಜಾಸ್ತಿ ಕಾಲ ಅಧಿಕಾರದಲ್ಲಿ ಇದ್ದದ್ದು ಕನ್ಸರ್ವೇಟಿವ್‌ಗಳು ಅಥವಾ ಅವರ ಬಹುಮತದ ಸರ್ಕಾರ. ಮ್ಯೂನಿಕ್‌ನಲ್ಲಿ ಹಿಟ್ಲರ್ ಜೊತೆ ರಾಜಿ ಮಾಡಿಕೊಂಡ, ಚರ್ಚಿಲ್‌ಗೆ ಮುಂಚಿನ ಪ್ರಧಾನಿ ಚೇಂಬರ್ಲೇನ್ ಕೂಡ ಅದೇ ಪಕ್ಷ. ಚರ್ಚಿಲ್ ಆಗ ತಮ್ಮ ಪಕ್ಷದ ವಿರುದ್ಧವೇ ಕೂಗುತ್ತಿದ್ದವರು, ಅದಕ್ಕೇ ಜನರಿಗೆ ಅವರ ಮೇಲೆ ಪ್ರೀತಿ. ಪಕ್ಷದ ಮೇಲೆ ಆ ಪ್ರೀತಿ ಇರಲಿಲ್ಲ.

ಆಮೇಲೆ ಯುದ್ಧ ಬಂತು. ಯುದ್ಧದಲ್ಲಿ ಜನ ಒಂದು ಹೊಸ ವಿಷಯ ಕಣ್ಣಾರೆ ನೋಡಿದರು. 1940ರ ಜನವರಿಯಿಂದ ರೇಷನ್, ಸಾಹುಕಾರನಿಗೂ ಕೂಲಿಯವನಿಗೂ ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ. ನಿರುದ್ಯೋಗ ಮಾಯವಾಯಿತು. ಲಂಡನ್ನಿನ ಬಡ ಬೀದಿಗಳ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಿದಾಗ, ಅವರ ಮೈ ಬಟ್ಟೆ ನೋಡಿ ಹಳ್ಳಿಯ ಉಳ್ಳವರಿಗೇ ಗಾಬರಿ ಆಯಿತು. ಹತ್ತು ವರ್ಷ ದುಡ್ಡಿಲ್ಲ, ಏನೂ ಮಾಡಲಾಗದು ಅಂತ ಹೇಳಿದ ಸರ್ಕಾರಕ್ಕೆ ಟ್ಯಾಂಕ್ ಮಾಡಲು ದುಡ್ಡು ಇತ್ತು, ಎಲ್ಲರಿಗೂ ಕೆಲಸ ಕೊಡಲು ಇತ್ತು. ಹಾಗಾದರೆ ಶಾಂತಿ ಬಂದ ಮೇಲೆ ಮನೆ ಕಟ್ಟಲು ಯಾಕೆ ಇರಲ್ಲ? ಈ ಪ್ರಶ್ನೆ ಒಂದು ಸಲ ಜನರ ತಲೆಗೆ ಹೊಕ್ಕಿದ ಮೇಲೆ ಹೊರಗೆ ಹೋಗಲಿಲ್ಲ. ನನ್ನ ಪ್ರಕಾರ 1945ರ ಫಲಿತಾಂಶ ತೀರ್ಮಾನ ಆಗಿದ್ದು ಇಲ್ಲಿ. ಜೊತೆಗೆ ಈ ಒಳನಾಡಿನ ಕೆಲಸ ನೋಡಿಕೊಂಡವರು ಬಹುಪಾಲು ಲೇಬರ್ ಮಂತ್ರಿಗಳು, ಕಾರ್ಮಿಕ ಖಾತೆಗೆ ಅರ್ನೆಸ್ಟ್ ಬೆವಿನ್, ಗೃಹ ಖಾತೆಗೆ ಹರ್ಬರ್ಟ್ ಮಾರಿಸನ್. ಚರ್ಚಿಲ್ ನಕ್ಷೆ ಹಿಡಿದು ಯುದ್ಧ ನಡೆಸುತ್ತಿದ್ದರೆ ಇವರು ಜನರ ಮನೆ ಬಾಗಿಲಲ್ಲಿ ಸರ್ಕಾರ ನಡೆಸುತ್ತಿದ್ದರು. ಹಾಗಾಗಿ ಲೇಬರ್‌ಗೆ ಅನುಭವ ಇಲ್ಲ ಅನ್ನುವ ಮಾತು ಓಡಲಿಲ್ಲ.

1942ರ ಡಿಸೆಂಬರ್‌ನಲ್ಲಿ ವಿಲಿಯಂ ಬೆವರಿಜ್ ವರದಿ ಬಂತು. ಈ ಬೆವರಿಜ್ ಹುಟ್ಟಿದ್ದು ಬಂಗಾಳದ ರಂಗಪುರದಲ್ಲಿ, ಅವರಪ್ಪ ಇಲ್ಲಿ ಐಸಿಎಸ್ ಅಧಿಕಾರಿ. ಬಡತನ, ರೋಗ, ಅಜ್ಞಾನ, ಕೊಳಕು ವಸತಿ, ನಿರುದ್ಯೋಗ ಈ ಐದನ್ನು ಸರ್ಕಾರ ಎದುರಿಸಬೇಕು, ಹುಟ್ಟಿನಿಂದ ಸಾಯುವವರೆಗೆ ಎಲ್ಲರಿಗೂ ವಿಮೆ ಇರಬೇಕು ಅಂತ ಅದರಲ್ಲಿತ್ತು. ಸರ್ಕಾರಿ ವರದಿ ಅಂದರೆ ಯಾರು ಓದುತ್ತಾರೆ? ಇದನ್ನು ಜನ ಅಂಗಡಿ ಮುಂದೆ ಸಾಲು ನಿಂತು ಕೊಂಡರು, ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಚರ್ಚಿಲ್ ಮಾತ್ರ ಮೊದಲು ಯುದ್ಧ ಮುಗಿಯಲಿ, ದುಡ್ಡು ಎಷ್ಟಿದೆ ನೋಡೋಣ ಅಂದರು. ಅವರ ದೃಷ್ಟಿಯಲ್ಲಿ ಅದು ನ್ಯಾಯವಾದ ಎಚ್ಚರಿಕೆಯೇ, ಯುದ್ಧ ಮುಗಿದಾಗ ಬ್ರಿಟನ್ ನಿಜಕ್ಕೂ ದಿವಾಳಿ ಅಂಚಿನಲ್ಲಿತ್ತು. ಆದರೆ 1918ರ ಅನುಭವ ಇದ್ದ ಜನಕ್ಕೆ ಆ ಮಾತು ಬೇರೆ ಥರ ಕೇಳಿಸಿತು. ಹೋದ ಸಲವೂ ಹೀಗೇ ಅಂದು ಕೈ ಕೊಟ್ಟಿರಿ ಅಲ್ವಾ ಅಂತ.

ಹಾಗಾಗಿ ಮೇಡಂ, ಅವರು ನೆನಪಿಟ್ಟುಕೊಳ್ಳದೆ ಓಟು ಹಾಕಿದರು ಅನ್ನುವುದು ತಪ್ಪು. 27 ವರ್ಷದ ಹಿಂದಿನ ಮಾತನ್ನು ನೆನಪಿಟ್ಟುಕೊಂಡು ಓಟು ಹಾಕಿದರು.

ಉಪಕಾರ ಸ್ಮರಣೆಯ ಬಗ್ಗೆ ಇನ್ನೂ ಮೂರು ಸಂಗತಿ ಹೇಳಬೇಕು. ಚರ್ಚಿಲ್ ಪ್ರಚಾರಕ್ಕೆ ಹೋದ ಕಡೆಯೆಲ್ಲ ಜನಸಾಗರ. ಬೀದಿ ತುಂಬ ನಿಂತು ಕೈಬೀಸಿದರು, ಅತ್ತರು. ಆಟ್ಲಿ ಸಣ್ಣ ಕಾರಿನಲ್ಲಿ, ಹೆಂಡತಿಯೇ ಓಡಿಸುತ್ತಿದ್ದ ಕಾರಿನಲ್ಲಿ, ಸದ್ದಿಲ್ಲದೆ ಓಡಾಡಿದರು. ಸಭೆಗೆ ಬಂದ ಜನ ನೋಡಿ ಫಲಿತಾಂಶ ಹೇಳುವವರು ನಮ್ಮ ಟೌನ್‌ಹಾಲ್ ಸರ್ಕಲ್‌ನಲ್ಲೂ ಇದ್ದಾರೆ, ಅಲ್ಲೂ ಇದ್ದರು. ಆ ಜನ ನಾಟಕ ಮಾಡಲಿಲ್ಲ. ಧನ್ಯವಾದ ಹೇಳಲು ಬಂದಿದ್ದರು, ಹೇಳಿದರು. ಓಟು ಬೇರೆ ವಿಷಯಕ್ಕೆ ಅಂತ ಇಟ್ಟುಕೊಂಡಿದ್ದರು. ಎರಡನೆಯದು, ಬೆವರಿಜ್ ಅವರೇ ಆ ಚುನಾವಣೆಯಲ್ಲಿ ಲಿಬರಲ್ ಪಕ್ಷದಿಂದ ನಿಂತು ಸೋತರು! ಯಾರ ಯೋಜನೆ ಬೇಕು ಅಂತ ದೇಶವೇ ಓಟು ಹಾಕಿತೋ ಆ ಮನುಷ್ಯನಿಗೇ ಸೀಟು ಇಲ್ಲ. ಅವರ ಪಕ್ಷಕ್ಕೆ ಸಿಕ್ಕಿದ್ದು ಒಟ್ಟು 12. ಸರ್ಕಾರ ಮಾಡುವ ಶಕ್ತಿ ಇದ್ದ ಪಕ್ಷಕ್ಕೆ ಜನ ಯೋಜನೆಯನ್ನು ಒಪ್ಪಿಸಿದರು. ಮೂರನೆಯದು ಚರ್ಚಿಲ್ ಅವರದೇ ಮಾತು. ಸೋತ ಮೇಲೆ ಅವರ ವೈದ್ಯರು ಜನರ ಕೃತಘ್ನತೆಯ ಮಾತೆತ್ತಿದಾಗ, ನಾನು ಹಾಗೆ ಅನ್ನಲ್ಲ, ಅವರು ತುಂಬ ಕಷ್ಟಪಟ್ಟಿದ್ದಾರೆ ಅಂತ ಹೇಳಿದರಂತೆ. ವೈದ್ಯರು ಬರೆದಿಟ್ಟಿದ್ದಾರೆ. ಈ ಮಾತನ್ನು ಆ ಹುಡುಗನಿಗೆ ಖಂಡಿತ ಹೇಳಿ.

'ಭಾರೀ ಬಹುಮತ' ಅನ್ನುವುದನ್ನೂ ಸ್ವಲ್ಪ ಹುಷಾರಾಗಿ ಓದಬೇಕು. ಲೇಬರ್‌ಗೆ ಬಂದ ಮತ ಶೇ. 47.7, ಸೀಟು ಶೇ. 61. ನಮ್ಮಲ್ಲಿ ಇರುವಂತೆ ಅಲ್ಲೂ ಕ್ಷೇತ್ರದಲ್ಲಿ ಒಂದು ಓಟು ಹೆಚ್ಚು ಬಂದವನೇ ಗೆದ್ದವನು, ಆದ್ದರಿಂದ ಸಣ್ಣ ವಾಲುವಿಕೆ ಸೀಟಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಹತ್ತರಲ್ಲಿ ಹೆಚ್ಚುಕಡಿಮೆ ನಾಲ್ಕು ಜನ ಚರ್ಚಿಲ್ ಬಣಕ್ಕೇ ಓಟು ಹಾಕಿದ್ದರು. ಇದೇ ವ್ಯವಸ್ಥೆ ಮುಂದೆ ಲೇಬರ್‌ಗೂ ಹೊಡೆಯಿತು. 1950ರಲ್ಲಿ ಅವರ ಬಹುಮತ 5ಕ್ಕೆ ಇಳಿಯಿತು. 1951ರಲ್ಲಿ ಕನ್ಸರ್ವೇಟಿವ್‌ಗಳಿಗಿಂತ ಜಾಸ್ತಿ ಮತ ಪಡೆದೂ ಸೀಟಿನಲ್ಲಿ ಸೋತರು, 76 ವರ್ಷದ ಚರ್ಚಿಲ್ ಮತ್ತೆ ಪ್ರಧಾನಿ. ನಡುವೆ ಲೇಬರ್ ಏನೂ ಮಾಡಲಿಲ್ಲವಾ? ಮಾಡಿದರು, ಕಲ್ಲಿದ್ದಲು ಗಣಿ, ರೈಲು ಸರ್ಕಾರದ ಕೈಗೆ ತಂದರು, 1948ರ ಜುಲೈ 5ಕ್ಕೆ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಶುರು ಮಾಡಿದರು. ಆದರೆ ಯುದ್ಧದಲ್ಲೂ ಇಲ್ಲದ ಬ್ರೆಡ್ ರೇಷನ್ 1946ರಲ್ಲಿ ಬಂತು, 1947ರ ಚಳಿಗಾಲದಲ್ಲಿ ಕಲ್ಲಿದ್ದಲು ಸಿಗದೆ ಜನ ನಡುಗಿದರು. ಸಾಲು ನಿಂತು ನಿಂತು ಸಾಕಾಗಿತ್ತು.

ಈಗ ನಿಮ್ಮ ಇಂದಿರಾ ಗಾಂಧಿ ವಾದ. ಇದು ನಮ್ಮ ಕಡೆ ತುಂಬ ಜನ ಹೇಳುವ ತಪ್ಪು, ತಾರೀಖು ನೋಡಿದರೆ ಸಾಕು. 352 ಸೀಟು ಬಂದ ಲೋಕಸಭಾ ಚುನಾವಣೆ ನಡೆದದ್ದು 1971ರ ಮಾರ್ಚ್‌ನಲ್ಲಿ. ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16. ಅಂದರೆ ಗೆಲುವು ಮೊದಲು, ಯುದ್ಧ ಆಮೇಲೆ. ಗೆಲ್ಲಿಸಿದ್ದು ಗರೀಬಿ ಹಟಾವೋ, ನಮ್ಮ ರಾಜ್ಯದ 27ಕ್ಕೆ 27 ಅವರದಾಯಿತು. ಯುದ್ಧದ ಬಿಸಿಯಲ್ಲಿ ನಡೆದದ್ದು 1972ರ ಮಾರ್ಚ್‌ನ ವಿಧಾನಸಭಾ ಚುನಾವಣೆಗಳು. ಇಲ್ಲಿ 216ರಲ್ಲಿ 165 ಕಾಂಗ್ರೆಸ್ಸಿಗೆ, ದೇವರಾಜ ಅರಸು ಮುಖ್ಯಮಂತ್ರಿ. ಅಲ್ಲಿ ಯುದ್ಧದ ಗೆಲುವು ಸಹಾಯ ಮಾಡಿತು ಅಂತ ವಾದಿಸಬಹುದು. ಆದರೆ ಐದು ವರ್ಷ ಬಿಟ್ಟು 1977ರಲ್ಲಿ, ತುರ್ತು ಪರಿಸ್ಥಿತಿಯ ನಂತರ, ಅದೇ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕ ಅವರ ಪಕ್ಷಕ್ಕೆ 28ರಲ್ಲಿ 26 ಕೊಟ್ಟಿತು. ಕಾರ್ಗಿಲ್ ಆದ ಮೇಲೆ 1999ರಲ್ಲಿ ಬಿಜೆಪಿಗೆ 182, ಅದಕ್ಕೆ ಮುಂಚೆ 1998ರಲ್ಲೂ 182. ಆ 1999ರಲ್ಲೇ ಕರ್ನಾಟಕದ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 132 ಬಂದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ಅಮೆರಿಕದಲ್ಲಿ 1991ರ ಕೊಲ್ಲಿ ಯುದ್ಧ ಗೆದ್ದ ಅಧ್ಯಕ್ಷ ಹಿರಿಯ ಬುಷ್, ಮುಂದಿನ ವರ್ಷವೇ ಸೋತರು. ಒಂದು ನಿಯಮ ಹುಡುಕಿಕೊಂಡು ಹೋದರೆ ನಿಮಗೆ ಸಿಗಲ್ಲ. ಯುದ್ಧ ಮುಗಿದ ಎಷ್ಟು ದಿನಕ್ಕೆ ಚುನಾವಣೆ, ಜನರ ಅಡುಗೆಮನೆ ಹೇಗಿದೆ, ಎದುರಿಗೆ ನಂಬುವಂಥ ಇನ್ನೊಂದು ಪಕ್ಷ ಇದೆಯಾ, ಇವನ್ನು ನೋಡಬೇಕು.

ಚರ್ಚೆಯನ್ನು ಹೇಗೆ ನಡೆಸುವುದು? ನಿಮ್ಮ ಮುಂದೆ ಮೂರು ದಾರಿ ಇದೆ ಅಂತ ನನಗೆ ಕಾಣುತ್ತದೆ. ಚರ್ಚಿಲ್ ಎದುರು ಆಟ್ಲಿ ಅಂತ ಇಬ್ಬರು ವ್ಯಕ್ತಿಗಳ ಕಥೆಯಾಗಿ ಹೇಳಿದರೆ ಮಕ್ಕಳು ಕಣ್ಣು ಮಿಟುಕಿಸದೆ ಕೇಳುತ್ತಾರೆ. ಅಪಾಯ ಏನೆಂದರೆ ಕೊನೆಗೆ ಅವರ ತಲೆಯಲ್ಲಿ ಉಳಿಯುವುದು ಗೆಸ್ಟಾಪೋ ಭಾಷಣ ಒಂದೇ. ಮನೆ, ಕೆಲಸ, ಬೆವರಿಜ್ ವರದಿ ಅಂತ ಕಾರಣಗಳಾಗಿ ಹೇಳಿದರೆ ಪರೀಕ್ಷೆಗೆ ಒಳ್ಳೆಯದು, ಅಂಕ ಬರುತ್ತದೆ, ಆದರೆ ಬಾಯಿಪಾಠವಾಗಿ ಹೋಗುತ್ತದೆ, ಆ ಹುಡುಗನ ಪ್ರಶ್ನೆ ಹಾಗೇ ಉಳಿಯುತ್ತದೆ. ನಮ್ಮ ಚುನಾವಣೆಗಳ ಜೊತೆ ಹೋಲಿಸಿ ಹೇಳಿದರೆ ಕ್ಲಾಸಿನಲ್ಲಿ ಬಿಸಿ ಏರುತ್ತದೆ, ಆದರೆ ಹತ್ತು ನಿಮಿಷದಲ್ಲಿ ಅದು ಈಗಿನ ಪಕ್ಷಗಳ ಜಗಳವಾಗಿ, ಸಂಜೆ ಪೋಷಕರೊಬ್ಬರು ಫೋನ್ ಮಾಡುವ ಸಾಧ್ಯತೆ ಇದೆ. ಅದು ನಿಮಗೆ ಬೇಡದ ತಲೆನೋವು.

ನಾನಾಗಿದ್ದರೆ 1918 ಮತ್ತು 1945 ಎರಡನ್ನೇ ಎದುರುಬದುರು ಇಡುತ್ತೇನೆ. ಅದೇ ದೇಶ, ಎರಡೂ ಯುದ್ಧ ಗೆದ್ದ ಮೇಲಿನ ಚುನಾವಣೆ, ಒಂದರಲ್ಲಿ ಯುದ್ಧದ ನಾಯಕನಿಗೆ ಭಾರೀ ಗೆಲುವು, ಇನ್ನೊಂದರಲ್ಲಿ ಭಾರೀ ಸೋಲು. ವಿಷಯದ ಪರ ಇರುವವರಿಗೆ 1918 ಕೊಡಿ, ವಿರೋಧ ಇರುವವರಿಗೆ 1945. ನಡುವಿನ 27 ವರ್ಷದಲ್ಲಿ ಏನಾಯಿತು ಅಂತ ಎರಡೂ ಕಡೆಯವರು ಹೇಳಲೇಬೇಕು ಅಂತ ಷರತ್ತು ಹಾಕಿ. ನಮ್ಮ 1971, 72ರ ತಾರೀಖಿನ ಲೆಕ್ಕವನ್ನು ಬೇಕಿದ್ದರೆ ಕೊನೆಯಲ್ಲಿ ಪ್ರಶ್ನೆಯಾಗಿ ಕೇಳಿ, ಸಾಕು.

ಆ ಹುಡುಗನ ಜೊತೆ ಮಾತ್ರ ಎಲ್ಲರ ಮುಂದೆ ಮಾತಾಡಬೇಡಿ. ಅವರಪ್ಪನ ಸೋಲಿಗೆ ಕಾರಣ ಏನು ಅಂತ ನಮಗಿಬ್ಬರಿಗೂ ಗೊತ್ತಿಲ್ಲ. ಪಂಚಾಯಿತಿಯಲ್ಲಿ ಮೀಸಲಾತಿ ಬದಲಾಗುತ್ತದೆ, ವಾರ್ಡ್ ಬದಲಾಗುತ್ತದೆ, ದಾಯಾದಿ ಜಗಳ ಇರುತ್ತದೆ, ಎಷ್ಟೋ ಸಲ ಕೆಲಸಕ್ಕೂ ಫಲಿತಾಂಶಕ್ಕೂ ಸಂಬಂಧವೇ ಇರಲ್ಲ. ಜನ ಯಾವಾಗಲೂ ಸರಿ ಅಂತ ಅವನಿಗೆ ಹೇಳಿದರೆ ಅವನು ನಂಬಲ್ಲ, ನಂಬಲೂಬಾರದು. ಅವರಪ್ಪ ಹಾಕಿಸಿದ ನಲ್ಲಿ, ರಸ್ತೆ ಏನಿದೆಯೋ ಅದರ ಬಗ್ಗೆ ಕೇಳಿ, ಊರಿನವರು ಈಗ ಏನು ಕೇಳುತ್ತಿದ್ದಾರೆ ಅಂತ ಅವನಿಂದಲೇ ಬರೆಸಿ. ಚರ್ಚೆಯಲ್ಲಿ ಅವನಿಗೆ ಕೊಡಬೇಕಾದ ಪಾತ್ರ 1945ರ ಮತದಾರನದು. ಜ್ಯಾರೋ ಊರಿನ, ಯುದ್ಧಕ್ಕೆ ಮುಂಚೆ ಕೆಲಸ ಇಲ್ಲದೆ ಕೂತಿದ್ದ ಒಬ್ಬ ಗಂಡಸು, ಮಗ ಸೈನ್ಯದಲ್ಲಿದ್ದಾನೆ, ಚರ್ಚಿಲ್ ಮೇಲೆ ಪ್ರೀತಿ ಇದೆ, ಜುಲೈ 5ಕ್ಕೆ ಮತಗಟ್ಟೆಗೆ ಹೊರಟಿದ್ದಾನೆ. ಅವನು ಯಾರಿಗೆ ಓಟು ಹಾಕಿದ, ಯಾಕೆ ಅಂತ ಹುಡುಗ ಐದು ನಿಮಿಷ ಮಾತಾಡಲಿ. ತಯಾರಿಗೆ ಒಂದು ವಾರ ಕೊಡಿ, ಮೇಲಿನ ತಾರೀಖು, ಅಂಕಿ ಎಲ್ಲ ಅವನ ಕೈಗೆ ಬರೆದುಕೊಡಿ.